ಗೋಡೆಯೊಳಗಿನ ಮೂವತ್ತು ವರ್ಷ

“ಹೋದ ತಿಂಗಳಷ್ಟೇ ಇಸಿಜಿ ಮಾಡಿಸಿದ್ರು, ನಾರ್ಮಲ್ ಅಂತ ಬಂದಿತ್ತು.” ನಲವತ್ತೈದು ಐವತ್ತರ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿ ಹೋದವರ ಮನೆಯಲ್ಲಿ ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ. ಅದರ ಬೆನ್ನಿಗೇ ಇನ್ನೊಂದು: “ಬಿಪಿ ಸ್ವಲ್ಪ ಇತ್ತು, ಈ ಕಾಲದಲ್ಲಿ ಯಾರಿಗಿಲ್ಲ ಹೇಳಿ?” ಎರಡೂ ಸಂಕಟದಲ್ಲಿ ಬರುವ ಮಾತುಗಳು, ತಪ್ಪು ಎತ್ತಿ ಆಡುವ ಹೊತ್ತು ಅದಲ್ಲ. ಆದರೆ ಇವೆರಡರ ನಡುವೆ ದೊಡ್ಡದೊಂದು ಜಾಗ ಖಾಲಿ ಉಳಿದುಬಿಟ್ಟಿದೆ. ಈಚೆ ದಡದಲ್ಲಿ ಬಿಪಿ, ಶುಗರ್, ಕೊಲೆಸ್ಟ್ರಾಲ್, ಬೀಡಿ, ಸಿಗರೇಟು. ಆಚೆ ದಡದಲ್ಲಿ ಎದೆನೋವು, ಲಕ್ವ, ಸ್ಟೆಂಟು, ಸಾವು. ಈಚೆಯಿಂದ ಆಚೆ ಮುಟ್ಟಲು ಮೂವತ್ತು ನಲವತ್ತು ವರ್ಷ ಹಿಡಿಯುತ್ತದೆ. ಅಷ್ಟೂ ವರ್ಷ ಕೆಲಸ ನಡೆಯುವುದು ಅಪಧಮನಿಯ, ಎಂದರೆ ಹೃದಯದಿಂದ ರಕ್ತ ಒಯ್ಯುವ ನಾಳದ, ಗೋಡೆಯ ಒಳಗೆ, ನೋವಿಲ್ಲದೆ, ಸುಸ್ತಿಲ್ಲದೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ 46 ವರ್ಷ. ಆಮೇಲಿನ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಗೆ ತಪಾಸಣೆಗೆಂದು ಜನ ಮುಗಿಬಿದ್ದದ್ದು ಎಲ್ಲರಿಗೂ ನೆನಪಿದೆ. 2025ರ ಜೂನ್, ಜುಲೈಯಲ್ಲಿ ಹಾಸನ ಜಿಲ್ಲೆಯ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಟಿವಿಯಲ್ಲಿ ಓಡಿದಾಗ ಮತ್ತೆ ಅದೇ ಸಾಲು, ಮೈಸೂರಿನ ಜಯದೇವದ ಮುಂದೆಯೂ. ಆ ಸಾಲಿನಲ್ಲಿ ನಿಂತವರು ಕೇಳುತ್ತಿದ್ದ ಪ್ರಶ್ನೆ ಸರಿಯಾದದ್ದೇ: “ನನಗೂ ಹಾಗಾಗುತ್ತದಾ?” ಇಂಥ ತಪಾಸಣೆಯಲ್ಲಿ ಸಾಮಾನ್ಯವಾಗಿ ಕೈಗೆ ಸಿಗುವ ಕಾಗದಗಳು ಮಾತ್ರ ಬೇರೆ ಪ್ರಶ್ನೆಗಳ ಉತ್ತರ. ಇಸಿಜಿ ಬರೆಯುವುದು ಹೃದಯದ ಸುಮಾರು ಹತ್ತು ಸೆಕೆಂಡಿನ ವಿದ್ಯುತ್ತನ್ನು. ಈಗ ಅಟ್ಯಾಕ್ ಆಗುತ್ತಿದೆಯಾ, ಹಿಂದೆ ಆಗಿದ್ದರ ಗಾಯ ಉಳಿದಿದೆಯಾ, ಬಡಿತ ತಾಳ ತಪ್ಪಿದೆಯಾ ಎಂಬುದು ಅದರಲ್ಲಿ ಸಿಗುತ್ತದೆ. ಎಕೋ, ಸ್ನಾಯು ಎಷ್ಟು ಬಲವಾಗಿ ಹಿಂಡುತ್ತಿದೆ, ಕವಾಟಗಳು ಸರಿಯಾಗಿ ಮುಚ್ಚುತ್ತಿವೆಯಾ ಎಂದು ಹೇಳುತ್ತದೆ. ಟಿಎಂಟಿ, ಟ್ರೆಡ್‌ಮಿಲ್ ಮೇಲೆ ಏದುಸಿರು ಬರುವ ಹಾಗೆ ನಡೆಸಿ, ಆ ಹೊತ್ತಿಗೆ ಸ್ನಾಯುವಿಗೆ ರಕ್ತ ಸಾಲದೆ ಹೋಗುತ್ತಿದೆಯಾ ಎಂದು ಹುಡುಕುತ್ತದೆ. ಮೂರರಲ್ಲಿ ಒಂದೂ ಹೃದಯಕ್ಕೆ ರಕ್ತ ಒಯ್ಯುವ ನಾಳದ ಗೋಡೆಯನ್ನು ನೋಡುವುದಿಲ್ಲ. ಹಾಗಾಗಿ ಮೂರೂ “ನಾರ್ಮಲ್” ಬಂದು ಗೋಡೆ ಮಾತ್ರ ಹದಗೆಟ್ಟಿರಬಹುದು. ರಿಪೋರ್ಟು ಸುಳ್ಳು ಹೇಳಿರುವುದಿಲ್ಲ, ಅದನ್ನು ಗೋಡೆಯ ಬಗ್ಗೆ ಯಾರೂ ಕೇಳಿರುವುದಿಲ್ಲ.

ಕೊರಿಯಾ ಯುದ್ಧದ 300 ಹೃದಯಗಳು

ಈ ಗೋಡೆಯ ಕಥೆ ವೈದ್ಯಲೋಕದ ಕಣ್ಣಿಗೆ ರಾಚಿದ್ದು 1953ರ ಜುಲೈನಲ್ಲಿ. ಅಮೆರಿಕದ ಸೇನೆಯ ರೋಗಶಾಸ್ತ್ರಜ್ಞರಾದ ಎನೋಸ್, ಹೋಮ್ಸ್, ಬೇಯರ್ ಎಂಬ ಮೂವರು ಕೊರಿಯಾದ ಯುದ್ಧದಲ್ಲಿ ಸತ್ತ 300 ಸೈನಿಕರ ಹೃದಯಗಳನ್ನು ಪರೀಕ್ಷಿಸಿ ಬರೆದ ವರದಿ ಆಗ ಅಚ್ಚಾಯಿತು. ಸರಾಸರಿ ವಯಸ್ಸು 22. ಸೇನೆಯ ದೈಹಿಕ ಪರೀಕ್ಷೆ ದಾಟಿ ಬಂದು, ಗುಡ್ಡ ಹತ್ತಿ, ಹೊರೆ ಹೊತ್ತು, ಗುಂಡು ತಗುಲಿ ಸತ್ತ ಹುಡುಗರು. ಒಬ್ಬೊಬ್ಬರ ಕರೋನರಿ ನಾಳ, ಎಂದರೆ ಹೃದಯಕ್ಕೇ ರಕ್ತ ಒಯ್ಯುವ ನಾಳ, ಬಿಡಿಸಿ ನೋಡುತ್ತಾ ಹೋದರೆ 77.3 ಪ್ರತಿಶತ ಹೃದಯಗಳಲ್ಲಿ ಬರಿಗಣ್ಣಿಗೇ ಕಾಣುವ ಕಾಯಿಲೆಯ ಗುರುತು. ಕೆಲವರಲ್ಲಿ ಗೋಡೆ ಬರೀ ದಪ್ಪಗಾಗಿತ್ತು, ಕೆಲವರಲ್ಲಿ ಮುಖ್ಯ ಕವಲೊಂದು ಪೂರ್ತಿ ಮುಚ್ಚಿಹೋಗಿತ್ತು. ಅಲ್ಪಸ್ವಲ್ಪ ದಪ್ಪವನ್ನೂ ಲೆಕ್ಕಕ್ಕೆ ಸೇರಿಸಿದ್ದರಿಂದ ಆ ಅಂಕಿ ದೊಡ್ಡದಾಗಿ ಕಾಣುತ್ತದೆ ಎಂಬ ಮಾತು ಆಮೇಲೆ ಬಂತು, ಅದು ನ್ಯಾಯವೇ. ಆದರೂ “ಇದು ಮುದುಕರ ಕಾಯಿಲೆ” ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ಆಮೇಲಿನ ಎರಡು ಲೆಕ್ಕ. ವಿಯೆಟ್ನಾಂನಲ್ಲಿ ಸತ್ತ 105 ಸೈನಿಕರನ್ನು ಹೀಗೆಯೇ ನೋಡಿದಾಗ, 1971ರ ವರದಿಯಲ್ಲಿ, 45 ಪ್ರತಿಶತ. ಇರಾಕ್, ಅಫ್ಘಾನಿಸ್ತಾನದ ಯುದ್ಧಗಳ ಕಾಲದ 3,832 ಮಂದಿಯನ್ನು ನೋಡಿದ 2012ರ ವರದಿಯಲ್ಲಿ 8.5 ಪ್ರತಿಶತ. ನೋಡಿದ ವಿಧಾನ ಮೂರರಲ್ಲೂ ಒಂದೇ ಅಲ್ಲ, ಆದ್ದರಿಂದ ಅಂಕಿಗೆ ಅಂಕಿ ತಾಳೆ ಹಾಕುವಂತಿಲ್ಲ. ಇಳಿಕೆಯ ದಿಕ್ಕು ಮಾತ್ರ ಸ್ಪಷ್ಟ. ಆ ಅರ್ಧ ಶತಮಾನದಲ್ಲಿ ಅಮೆರಿಕದಲ್ಲಿ ಸಿಗರೇಟು ಕಡಿಮೆಯಾಯಿತು, ಜನರ ಸರಾಸರಿ ಕೊಲೆಸ್ಟ್ರಾಲ್ ಇಳಿಯಿತು, ಬಿಪಿಗೆ ಮಾತ್ರೆ ಬಂತು. ಗೋಡೆ ಕೆಡುವುದು ವಯಸ್ಸಿನ ಜೊತೆ ತಾನಾಗಿ ಬರುವ ನೆರೆಗೂದಲಿನಂತಿದ್ದರೆ ಇಪ್ಪತ್ತರ ಹುಡುಗರಲ್ಲಿ ಇಷ್ಟು ಇಳಿಕೆ ಕಾಣುತ್ತಿರಲಿಲ್ಲ.

ಪೈಪಿನ ಚಿತ್ರ ಬಿಡಬೇಕು

ಬೋರ್‌ವೆಲ್ ನೀರಿನ ಪೈಪಿನೊಳಗೆ, ಗೀಸರಿನೊಳಗೆ ಬಿಳಿ ಪದರ ಕಟ್ಟುವುದನ್ನು ಎಲ್ಲರೂ ನೋಡಿದ್ದೇವೆ. ಹೃದಯದ “ಬ್ಲಾಕೇಜ್” ಅಂದಾಗ ತಲೆಯಲ್ಲಿ ಮೂಡುವುದು ಅದೇ ಚಿತ್ರ. ಇದು ತಪ್ಪು ಚಿತ್ರ, ತಪ್ಪು ಭರವಸೆ ಕೊಡುವ ಚಿತ್ರ. ಪೈಪಿನಲ್ಲಿ ಕಸ ಒಳಮೈ ಮೇಲೆ ಕೂರುತ್ತದೆ, ಕೂತಷ್ಟೂ ನೀರು ಸಣ್ಣಗಾಗುತ್ತದೆ, ನಲ್ಲಿ ನೋಡಿದರೆ ತಿಳಿಯುತ್ತದೆ. ಅಪಧಮನಿಯಲ್ಲಿ ಕೊಬ್ಬು ಸೇರುವುದು ಒಳಪೊರೆಯ ಕೆಳಗೆ, ಗೋಡೆಯ ಮೈಯೊಳಗೆ. ಗಿಲಾವಿನ ಹಿಂದೆ ತೇವ ಇಳಿದು ಗೋಡೆ ಉಬ್ಬುವುದಕ್ಕೆ ಇದು ಹೆಚ್ಚು ಹತ್ತಿರ.

ನಡೆಯುವುದು ಹೀಗೆ. ಕೊಲೆಸ್ಟ್ರಾಲ್ ರಕ್ತದಲ್ಲಿ ಬಿಡಿಯಾಗಿ ತೇಲುವುದಿಲ್ಲ, ಕಣಗಳೊಳಗೆ ತುಂಬಿಕೊಂಡು ಓಡಾಡುತ್ತದೆ. ಅವುಗಳಲ್ಲಿ “ಕೆಟ್ಟ ಕೊಲೆಸ್ಟ್ರಾಲ್” ಎನ್ನುವ ಎಲ್‌ಡಿಎಲ್ ಕಣ ಸುಮಾರು 20ರಿಂದ 25 ನ್ಯಾನೋಮೀಟರಿನದು, ಎಂದರೆ ಒಳಪೊರೆಯನ್ನು ದಾಟಿ ಒಳಗೆ ಹೋಗುವಷ್ಟು ಸಣ್ಣದು. ಹೋದದ್ದರಲ್ಲಿ ಬಹುಪಾಲು ವಾಪಸ್ ಬರುತ್ತದೆ, ಕೆಲವು ಗೋಡೆಯೊಳಗಿನ ನಾರಿನಂಥ ಅಣುಗಳಿಗೆ ಅಂಟಿಕೊಳ್ಳುತ್ತವೆ. ಅಂಟಿಕೊಂಡದ್ದು ಕೆಡುತ್ತದೆ. ಕೆಟ್ಟದ್ದನ್ನು ಗುಡಿಸಲು ಬಿಳಿ ರಕ್ತಕಣಗಳು ಬರುತ್ತವೆ, ತಿಂದು ತಿಂದು ಹೊಟ್ಟೆಯುಬ್ಬಿ, ಸೂಕ್ಷ್ಮದರ್ಶಕದಲ್ಲಿ ಸೋಪಿನ ನೊರೆಯ ಹಾಗೆ ಕಾಣುವ ಕೋಶಗಳಾಗಿ ಅಲ್ಲೇ ಸಾಯುತ್ತವೆ. ಇವು ಗುಂಪುಗೂಡಿದಾಗ ನಾಳದ ಒಳಮೈಯಲ್ಲಿ ಹಳದಿ ಗೆರೆ ಕಾಣುತ್ತದೆ. ಇದು ಕೊಬ್ಬಿನ ಗೆರೆ, ಕಾಯಿಲೆಯ ಮೊದಲ ಅಕ್ಷರ. ಎಲ್ಲಾ ಗೆರೆಗಳೂ ಮುಂದುವರಿಯುವುದಿಲ್ಲ. ಕಣಗಳ ಹರಿವು ನಿಲ್ಲದ ಕಡೆ ಸ್ನಾಯುಕೋಶಗಳು ಬಂದು ನಾರು ನೇಯ್ದು ಮುಚ್ಚಳ ಕಟ್ಟುತ್ತವೆ, ಒಳಗೆ ಸತ್ತ ಕೋಶಗಳ ಗಂಜಿ ಉಳಿಯುತ್ತದೆ, ಕಾಲ ಕಳೆದಂತೆ ಕ್ಯಾಲ್ಸಿಯಂ ಸೇರುತ್ತದೆ. ಇದೇ ಪ್ಲಾಕ್.

ಪ್ಲಾಕ್ ಎಲ್ಲಿ ಬೇಕಾದರಲ್ಲಿ ಹುಟ್ಟುವುದಿಲ್ಲ. ನಾಳ ಕವಲೊಡೆಯುವ ಕಡೆ, ಬಾಗುವ ಒಳಮಗ್ಗುಲಲ್ಲಿ, ಹೊಳೆಯ ತಿರುವಿನಲ್ಲಿ ನೀರು ಮಂದವಾಗಿ ಸುತ್ತು ಹಾಕುವ ಹಾಗೆ ರಕ್ತ ನಿಧಾನಿಸುವ ಜಾಗ ಅದಕ್ಕೆ ಬೇಕು. ಕತ್ತಿನ ಕೆರೋಟಿಡ್ ಎರಡಾಗುವ ಜಾಗ, ಹೃದಯದ ಎಡ ಮುಂಗವಲಿನ ಆರಂಭ, ಹೊಟ್ಟೆಯ ಮಹಾಪಧಮನಿಯ ಕೆಳತುದಿ, ತೊಡೆಸಂದು, ಇವು ಅದರ ಕಾಯಂ ವಿಳಾಸಗಳು. ಒತ್ತಡದ ಪಾತ್ರ ತಿಳಿಯಬೇಕೆಂದರೆ ಬೈಪಾಸ್ ಆದವರ ಕಾಲಿನ ಸಿರೆ ನೋಡಬೇಕು. ಕಾಲಿನ ಸಿರೆಯಲ್ಲಿ ಅದೇ ರಕ್ತ, ಅದೇ ಕೊಲೆಸ್ಟ್ರಾಲ್ ಜೀವಮಾನವಿಡೀ ಹರಿದರೂ ಪ್ಲಾಕ್ ಕಟ್ಟುವುದಿಲ್ಲ. ಅದನ್ನೇ ಕತ್ತರಿಸಿ ತೆಗೆದು ಹೃದಯಕ್ಕೆ ಜೋಡಿಸಿ ಅಪಧಮನಿಯ ಒತ್ತಡಕ್ಕೆ ಒಡ್ಡಿದರೆ ಕೆಲವೇ ವರ್ಷಗಳಲ್ಲಿ ಅದರಲ್ಲೂ ಪ್ಲಾಕ್ ಬರುತ್ತದೆ. “ಬಿಪಿ ಸ್ವಲ್ಪ ಇತ್ತು ಅಷ್ಟೇ” ಎನ್ನುವಾಗ ಈ ಸಿರೆಯನ್ನು ನೆನಪಿಸಿಕೊಳ್ಳಬೇಕು.

ಇನ್ನು ಹರಿವಿನ ಮಾತು. 1987ರಲ್ಲಿ ಶಿಕಾಗೋದ ಗ್ಲಾಗೋವ್ ಮತ್ತು ಸಂಗಡಿಗರು 136 ಹೃದಯಗಳ ಎಡ ಮುಖ್ಯ ನಾಳವನ್ನು ಅಡ್ಡಡ್ಡ ಕೊಯ್ದು ಅಳೆದರು. ಪ್ಲಾಕ್ ಬೆಳೆದಂತೆ ನಾಳ ಹೊರಕ್ಕೆ ಹಿಗ್ಗಿ ಜಾಗ ಮಾಡಿಕೊಡುತ್ತಿತ್ತು. ನಾಳದೊಳಗಿನ ವಿಸ್ತೀರ್ಣದಲ್ಲಿ ಸುಮಾರು 40 ಪ್ರತಿಶತ ಪ್ಲಾಕ್ ತುಂಬುವವರೆಗೂ ರಕ್ತದ ಹಾದಿ ಕಿರಿದಾಗಿರಲಿಲ್ಲ. ಹಾದಿ ಕಿರಿದಾದ ಮೇಲೂ, ಸುಮ್ಮನೆ ಕೂತಿದ್ದಾಗ ಹರಿವು ಇಳಿಯಬೇಕಾದರೆ ವ್ಯಾಸ 85 ಪ್ರತಿಶತದಷ್ಟು ಮುಚ್ಚಬೇಕು. ಟಿಎಂಟಿ ಹಿಡಿಯುವುದು ಹೆಚ್ಚುಕಡಿಮೆ 70 ಪ್ರತಿಶತ ದಾಟಿ ಮುಚ್ಚಿರುವವರನ್ನು. ಅಲ್ಲಿಯವರೆಗಿನ ಇಡೀ ದಾರಿ ಅದಕ್ಕೆ ಕಾಣದ ದಾರಿ. ಆಂಜಿಯೋಗ್ರಾಂ ಕೂಡ ಬಣ್ಣ ತುಂಬಿದ ಹಾದಿಯ ನೆರಳನ್ನು ತೋರಿಸುತ್ತದೆಯೇ ಹೊರತು ಗೋಡೆಯನ್ನಲ್ಲ.

ಹಾರ್ಟ್ ಅಟ್ಯಾಕ್ ಆಗುವುದು ಬಹುತೇಕ ಸಲ ಪ್ಲಾಕಿನ ಮುಚ್ಚಳ ಹರಿದು, ಒಳಗಿನ ಗಂಜಿ ರಕ್ತಕ್ಕೆ ತಾಕಿ, ನಿಮಿಷಗಳಲ್ಲಿ ಹೆಪ್ಪುಗಟ್ಟುವುದರಿಂದ. ಹರಿಯುವ ಮುಚ್ಚಳ 65 ಮೈಕ್ರಾನಿಗಿಂತ ತೆಳು, ಎಂದರೆ ತಲೆಗೂದಲಿನ ದಪ್ಪ. ಮತ್ತು ಅದು ಹಾದಿಯನ್ನು ಅರ್ಧಕ್ಕಿಂತ ಕಡಿಮೆ ಮುಚ್ಚಿದ್ದ ಪ್ಲಾಕೇ ಆಗಿರುವುದು ಉಂಟು. 1988ರಲ್ಲಿ, ಅಟ್ಯಾಕ್ ಆಗುವ ಮೊದಲೇ ಬೇರೆ ಕಾರಣಕ್ಕೆ ಆಂಜಿಯೋ ಆಗಿದ್ದವರ ಚಿತ್ರಗಳನ್ನು ಹಿಂದಿರುಗಿ ನೋಡಿದಾಗ ಸಿಕ್ಕ ಸಂಗತಿ ಇದು. ಹೋದ ತಿಂಗಳು ಟ್ರೆಡ್‌ಮಿಲ್ ಮೇಲೆ ಚೆನ್ನಾಗಿ ಓಡಿದವರು ಈ ತಿಂಗಳು ಕುಸಿಯುವುದು ಹೀಗೆ.

ಬೊಗಲೂಸಾದ ಮಕ್ಕಳು

ಎರಡು ದಡಗಳ ನಡುವೆ ಗೋಡೆಯೇ ಸೇತುವೆ ಎಂದು ತೋರಿಸಬೇಕಾದರೆ, ಬದುಕಿದ್ದಾಗ ಒಬ್ಬರ ಬಿಪಿ, ಕೊಲೆಸ್ಟ್ರಾಲ್ ಅಳೆದಿರಬೇಕು, ಅವರದೇ ನಾಳವನ್ನು ಕಣ್ಣಾರೆ ನೋಡಿರಬೇಕು. ಇಂಥ ಜೋಡಿ ಸಿಗುವುದು ಅಪರೂಪ. ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ಬೊಗಲೂಸಾ ಎಂಬ ಊರಿದೆ. ಅಲ್ಲಿ 1970ರ ದಶಕದ ಆರಂಭದಲ್ಲಿ ಜೆರಾಲ್ಡ್ ಬೆರೆನ್‌ಸನ್ ಎಂಬ ಹೃದ್ರೋಗ ವೈದ್ಯರು ಊರಿನ ಶಾಲಾಮಕ್ಕಳನ್ನು, ಕರಿಯರು ಬಿಳಿಯರು ಎಂಬ ಭೇದವಿಲ್ಲದೆ, ಸಾಲಾಗಿ ಪರೀಕ್ಷಿಸಲು ಶುರು ಮಾಡಿದರು. ತೂಕ, ಬಿಪಿ, ರಕ್ತದ ಕೊಬ್ಬು, ಸಿಗರೇಟಿನ ಅಭ್ಯಾಸ. ಕೆಲವು ವರ್ಷಕ್ಕೊಮ್ಮೆ ಮತ್ತೆ ಅದೇ ಮಕ್ಕಳು. ವರ್ಷಗಳು ಕಳೆದಂತೆ ಅವರಲ್ಲಿ ಕೆಲವರು ಅಪಘಾತ ಮುಂತಾದವುಗಳಲ್ಲಿ ಸತ್ತರು. ಮನೆಯವರ ಒಪ್ಪಿಗೆಯಿಂದ ಮರಣೋತ್ತರ ಪರೀಕ್ಷೆ ನಡೆಯಿತು. ಒಂದೊಂದು ಒಪ್ಪಿಗೆಯ ಹಿಂದೆಯೂ ಆಗತಾನೇ ಮಗುವನ್ನೋ ತಮ್ಮನನ್ನೋ ಕಳೆದುಕೊಂಡ ಮನೆಯಿದೆ. ಇಂದು ನಾವು ಎಷ್ಟೋ ವಿಷಯವನ್ನು ಖಚಿತವಾಗಿ ಹೇಳಬಲ್ಲೆವೆಂದರೆ ಅದು ಆ ಮನೆಗಳ ಋಣ.

ನಾಳವನ್ನು ಉದ್ದಕ್ಕೆ ಸೀಳಿ, ಮಡಿಕೆಯಿಲ್ಲದೆ ಹರಡಿ, ಸುಡಾನ್ ಎಂಬ ಬಣ್ಣದಲ್ಲಿ ಅದ್ದುತ್ತಾರೆ. ಕೊಬ್ಬಿರುವ ಕಡೆ ಮಾತ್ರ ಕೆಂಪು ಹಿಡಿಯುತ್ತದೆ. ಒಳಮೈಯಲ್ಲಿ ಎಷ್ಟು ಪಾಲು ಕೆಂಪು ಎಂದು ಅಳೆಯುತ್ತಾರೆ. 1998ರಲ್ಲಿ ಪ್ರಕಟವಾದ ಲೆಕ್ಕದಲ್ಲಿ 2ರಿಂದ 39 ವರ್ಷದ 204 ಮಂದಿ ಇದ್ದರು, ಅವರಲ್ಲಿ 93 ಮಂದಿಯ ಬದುಕಿದ್ದಾಗಿನ ಅಳತೆಗಳು ಲಭ್ಯವಿದ್ದವು. ದಪ್ಪ ಮೈ, ಬಿಪಿ, ರಕ್ತದ ಕೊಬ್ಬು, ಸಿಗರೇಟು ಇಂಥವುಗಳಲ್ಲಿ ಯಾವುದೂ ಇಲ್ಲದವರ ಕರೋನರಿ ನಾಳದಲ್ಲಿ ಕೊಬ್ಬಿನ ಗೆರೆ 1.3 ಪ್ರತಿಶತ ಮೈಯನ್ನು ಆವರಿಸಿತ್ತು. ಒಂದು ಇದ್ದವರಲ್ಲಿ 2.5, ಎರಡಿದ್ದವರಲ್ಲಿ 7.9, ಮೂರೋ ನಾಲ್ಕೋ ಇದ್ದವರಲ್ಲಿ 11. ಮುಂದಿನ ಹಂತದ ಗಟ್ಟಿ ಪ್ಲಾಕು ಇದೇ ಸಾಲಿನಲ್ಲಿ 0.6, 0.7, 2.4, 7.2. ಈ ಎರಡನೇ ಸಾಲನ್ನು ನಿಧಾನವಾಗಿ ಓದಬೇಕು. ಸೊನ್ನೆಗೂ ಒಂದಕ್ಕೂ ಹೆಚ್ಚು ವ್ಯತ್ಯಾಸವೇ ಇಲ್ಲ. ಮೂರೋ ನಾಲ್ಕೋ ಕೂಡಿದಾಗ ಹನ್ನೆರಡು ಪಟ್ಟು. ಗೋಡೆಯಲ್ಲಿ ಇವು ಕೂಡುವುದಕ್ಕಿಂತ ಗುಣಿಸುತ್ತವೆ ಎನ್ನುವುದು ಹೆಚ್ಚು ಸರಿ. ನಮ್ಮಲ್ಲಿ ಬಿಪಿಗೆ ಒಬ್ಬ ಡಾಕ್ಟರು, ಶುಗರಿಗೆ ಇನ್ನೊಬ್ಬರು, ಸಿಗರೇಟಿನ ಮಾತು ಎಲ್ಲಿಯೂ ಇಲ್ಲ, ಪ್ರತಿಯೊಂದೂ “ಸ್ವಲ್ಪವೇ ಜಾಸ್ತಿ” ಎಂದು ಬೇರೆ ಬೇರೆ ಚೀಟಿಯಲ್ಲಿ ಬರೆದಿರುತ್ತದೆ. ಗೋಡೆಗೆ ಆ ಚೀಟಿಗಳು ಬೇರೆ ಬೇರೆಯಲ್ಲ.

ರಕ್ತ ಮರೆತದ್ದನ್ನು ಗೋಡೆ ಮರೆತಿರುವುದಿಲ್ಲ

ಇನ್ನೊಂದು ತುದಿಯಿಂದ, ಎಂದರೆ ವಯಸ್ಸಾದವರಿಂದ ಶುರು ಮಾಡಿದ ಅಧ್ಯಯನವೂ ಇದೆ. 1989ರಲ್ಲಿ ಅಮೆರಿಕದ ನಾಲ್ಕು ಕಡೆ, 65 ದಾಟಿದ 5,201 ಮಂದಿಯನ್ನು ಸೇರಿಸಿಕೊಂಡು, ಆಮೇಲೆ 687 ಆಫ್ರಿಕನ್ ಅಮೆರಿಕನ್ನರನ್ನೂ ಸೇರಿಸಿ ನಡೆಸಿದ್ದು. ಹೃದಯದ ಕಾಯಿಲೆ ಎಂದು ಯಾರೂ ಹೇಳಿರದವರಲ್ಲಿಯೂ ಕತ್ತಿನ ನಾಳದ ಅಲ್ಟ್ರಾಸೌಂಡ್, ಕಣಕಾಲಿನ ಬಿಪಿ, ಇಸಿಜಿ, ಎಕೋ ಎಲ್ಲಾ ಮಾಡಿ, ಸದ್ದಿಲ್ಲದ ಕಾಯಿಲೆ ಯಾರಲ್ಲಿದೆ ಎಂದು ಗುರುತು ಹಾಕಿಕೊಂಡು ಕಾದರು. ಗುರುತು ಬಿದ್ದವರಲ್ಲಿ ಮುಂದೆ ಹೃದ್ರೋಗ ಬಂದದ್ದು ಸುಮಾರು ಎರಡು ಪಟ್ಟು. ಕತ್ತಿನ ನಾಳದ ಗೋಡೆ ಅತಿ ದಪ್ಪವಿದ್ದ ಐದನೇ ಒಂದು ಪಾಲಿನವರಲ್ಲಿ ಅಟ್ಯಾಕ್ ಅಥವಾ ಲಕ್ವದ ಸಾಧ್ಯತೆ ಅತಿ ತೆಳುವಿದ್ದವರ ಮೂರು ಪಟ್ಟಿಗೂ ಮೇಲೆ, ಅದೂ ಬಿಪಿ, ಶುಗರ್, ಕೊಲೆಸ್ಟ್ರಾಲ್ ಎಲ್ಲವನ್ನೂ ಲೆಕ್ಕದಿಂದ ಕಳೆದ ಮೇಲೆ.

ಕಳೆದ ಮೇಲೂ ಉಳಿಯುವುದು ಯಾಕೆ? ಎಪ್ಪತ್ತರ ಅಜ್ಜನ ಇವತ್ತಿನ ಲಿಪಿಡ್ ಪ್ರೊಫೈಲ್ ಇವತ್ತಿನದನ್ನು ಮಾತ್ರ ಹೇಳುತ್ತದೆ. ಅವರು ಮೂವತ್ತರಲ್ಲಿ ಹೊಗೆ ಬಿಡುತ್ತಿದ್ದುದು, ನಲವತ್ತರಲ್ಲಿ ಬಿಪಿ 160 ಇದ್ದು ತಿಳಿಯದೇ ಇದ್ದುದು, ಐವತ್ತರಲ್ಲಿ ಶುಗರಿನ ಮಾತ್ರೆ ತಪ್ಪಿಸಿದ್ದು, ಇವು ಯಾವುವೂ ಇವತ್ತಿನ ರಕ್ತದಲ್ಲಿಲ್ಲ. ವಯಸ್ಸಾಗಿ ಮೈ ಇಳಿದಾಗ ಕೊಲೆಸ್ಟ್ರಾಲೂ ಇಳಿದು ರಿಪೋರ್ಟು ಚೆನ್ನಾಗಿಯೇ ಕಾಣಬಹುದು. ಗೋಡೆಯಲ್ಲಿ ಮಾತ್ರ ಅಷ್ಟೂ ಕೂಡಿಟ್ಟಿರುತ್ತದೆ. ಆ ಕೂಡಿಟ್ಟದ್ದು ಹೃದಯಕ್ಕಷ್ಟೇ ಸಂಬಂಧಪಟ್ಟದ್ದೂ ಅಲ್ಲ. ಮಿದುಳಿನ ನಾಳದಲ್ಲಾದರೆ ಲಕ್ವ, ಮರೆವು. ಕಾಲಿನಲ್ಲಾದರೆ ನಡೆಯುವಾಗ ಮೀನಖಂಡ ಹಿಡಿದುಕೊಂಡು ನಿಂತರೆ ಬಿಡುವ ನೋವು. ಮೂತ್ರಪಿಂಡದಲ್ಲಾದರೆ ರಕ್ತದಲ್ಲಿ ನಿಧಾನವಾಗಿ ಏರುವ ಕ್ರಿಯಾಟಿನಿನ್, ಎಂದರೆ ಕಿಡ್ನಿ ಸೋಲುತ್ತಿರುವ ಗುರುತು. ಹೃದಯಕ್ಕೆ ಒಬ್ಬರು, ನರಕ್ಕೆ ಒಬ್ಬರು, ಕಿಡ್ನಿಗೆ ಒಬ್ಬರು ಎಂದು ಡಾಕ್ಟರುಗಳು ಬೇರೆಯಾದರೂ ಮೂಲ ಕಾಯಿಲೆ ಹಲವು ಸಲ ಒಂದೇ.

ಗೋಡೆಯನ್ನು ನೋಡುವ ಬಗೆ

ಮೊದಲು ಅತಿ ಅಗ್ಗದ್ದು, ನಮ್ಮಲ್ಲಿ ಅತಿ ಕಡಿಮೆ ಮಾಡುವುದು: ಕಣಕಾಲು ಮತ್ತು ತೋಳಿನ ಬಿಪಿಯ ಅನುಪಾತ. ಐದರಿಂದ ಹತ್ತು ನಿಮಿಷ ಅಂಗಾತ ಮಲಗಿಸಬೇಕು, ಕಾಲು ಹೃದಯದ ಮಟ್ಟದಲ್ಲೇ ಇರಬೇಕು. ಎರಡೂ ತೋಳಿನ ಮೇಲಿನ ಬಿಪಿ ತೆಗೆದು, ಆಮೇಲೆ ಕಣಕಾಲಿನ ಮೇಲೆ ಪಟ್ಟಿ ಕಟ್ಟಿ, ರಕ್ತದ ಹರಿವಿನ ಸದ್ದು ಕೇಳಿಸುವ ಡಾಪ್ಲರ್ ಪೆನ್ನಿನಿಂದ ಪಾದದ ಮೇಲಿನ ನಾಡಿ, ಕಣಕಾಲಿನ ಒಳಗಂಟಿನ ಹಿಂದಿನ ನಾಡಿ, ಎರಡನ್ನೂ ಕೇಳಬೇಕು. ಆ ಕಾಲಿನಲ್ಲಿ ಹೆಚ್ಚು ಬಂದದ್ದನ್ನು, ಎರಡು ತೋಳಿನಲ್ಲಿ ಹೆಚ್ಚು ಬಂದದ್ದರಿಂದ ಭಾಗಿಸಬೇಕು. ತೋಳಿನಲ್ಲಿ 140, ಕಣಕಾಲಿನಲ್ಲಿ 119 ಬಂದರೆ 0.85. 0.90 ಅಥವಾ ಅದಕ್ಕಿಂತ ಕಡಿಮೆ ಎಂದರೆ ಕಾಲಿನ ನಾಳದಲ್ಲಿ ಕಾಯಿಲೆ ಇದೆ, ಕಾಲಲ್ಲಿದ್ದರೆ ಹೃದಯದಲ್ಲೂ ಇರುವ ಸಂಭವ ಹೆಚ್ಚು. ಎಡವುವುದು ಎಲ್ಲಿ? ಕೂರಿಸಿ ಅಳೆದರೆ ಕಾಲಿನ ಅಂಕಿ ಸುಳ್ಳೇ ಏರುತ್ತದೆ. ಪಟ್ಟಿ ಸಣ್ಣದಾದರೂ ಏರುತ್ತದೆ. ಬಹುಕಾಲದ ಶುಗರ್ ಇರುವವರಲ್ಲಿ ನಾಳ ಗಡುಸಾಗಿ ಪಟ್ಟಿಗೆ ಬಗ್ಗದೆ 1.40ರ ಮೇಲೆ ಬರುತ್ತದೆ. ಅದನ್ನು “ತುಂಬಾ ಚೆನ್ನಾಗಿದೆ” ಎಂದು ಓದುವುದು ದೊಡ್ಡ ತಪ್ಪು. ಅವರಲ್ಲಿ ಹೆಬ್ಬೆರಳಿನ ಒತ್ತಡ ನೋಡಬೇಕು.

ಎರಡನೆಯದು ಅಲ್ಟ್ರಾಸೌಂಡ್. ಕತ್ತಿನ ನಾಳದ ಆಚೆ ಗೋಡೆ ಪರದೆಯ ಮೇಲೆ ಎರಡು ಬಿಳಿ ಗೆರೆಗಳಾಗಿ, ನಡುವೆ ತೆಳ್ಳನೆಯ ಕಪ್ಪಾಗಿ ಕಾಣುತ್ತದೆ, ರೇಷ್ಮೆ ಸೀರೆಯ ಜೋಡಿ ಗೀರಿನ ಹಾಗೆ. ಮೊದಲ ಗೆರೆಯಿಂದ ಎರಡನೆಯದಕ್ಕೆ ಇರುವ ಅಂತರವೇ ಗೋಡೆಯ ದಪ್ಪ, ಹರೆಯದಲ್ಲಿ ಸುಮಾರು ಅರ್ಧ ಮಿಲಿಮೀಟರು. ಇದು ದೊಡ್ಡ ಅಧ್ಯಯನಗಳಿಗೆ ಒಳ್ಳೆಯ ಅಳತೆ, ಒಬ್ಬೊಬ್ಬರಿಗೆ ಅಷ್ಟಕ್ಕಷ್ಟೆ. 0.1 ಮಿಲಿಮೀಟರಿನ ವ್ಯತ್ಯಾಸ ಪ್ರೋಬ್ ಹಿಡಿದ ಕೋನದಿಂದಲೇ ಬಂದುಬಿಡಬಹುದು. ಅದಕ್ಕೇ ಮಾಮೂಲಿ ತಪಾಸಣೆಯಲ್ಲಿ ಇದನ್ನು ಮಾಡಿಸುವುದು ಬೇಡ ಎಂದು ಅಮೆರಿಕದ ಮಾರ್ಗಸೂಚಿ 2013ರಲ್ಲೇ ಹೇಳಿತು. ದಪ್ಪಕ್ಕಿಂತ ಪ್ಲಾಕ್ ಇದೆಯೋ ಇಲ್ಲವೋ ಎಂಬುದು ನಂಬಲರ್ಹ. ಗೋಡೆ ಒಂದು ಕಡೆ 1.5 ಮಿಲಿಮೀಟರು ದಾಟಿ ಒಳಕ್ಕೆ ಉಬ್ಬಿದ್ದರೆ ಅದು ಪ್ಲಾಕ್.

ಕತ್ತಿನ ಜೊತೆಗೆ ತೊಡೆಸಂದನ್ನೂ ನೋಡಬೇಕೆಂದು ತೋರಿಸಿಕೊಟ್ಟದ್ದು ಸ್ಪೇನ್. ಮ್ಯಾಡ್ರಿಡ್‌ನ ಬ್ಯಾಂಕೊಂದರ 40ರಿಂದ 54 ವಯಸ್ಸಿನ 4,184 ನೌಕರರನ್ನು, ಹೃದ್ರೋಗದ ಯಾವ ಲಕ್ಷಣವೂ ಇಲ್ಲದವರನ್ನು, ವ್ಯಾಲೆಂಟಿನ್ ಫಸ್ಟರ್ ಅವರ ತಂಡ ಪರೀಕ್ಷಿಸಿತು. 63 ಪ್ರತಿಶತ ಮಂದಿಯಲ್ಲಿ ಎಲ್ಲಾದರೊಂದು ಕಡೆ ಕಾಯಿಲೆ ಸಿಕ್ಕಿತು. ಸೊಂಟದಿಂದ ತೊಡೆಗೆ ಇಳಿಯುವ ನಾಳಗಳಲ್ಲಿ 44, ಕತ್ತಿನಲ್ಲಿ 31, ಹೊಟ್ಟೆಯ ಮಹಾಪಧಮನಿಯಲ್ಲಿ 25, ಹೃದಯದಲ್ಲಿ ಕ್ಯಾಲ್ಸಿಯಂ 18 ಪ್ರತಿಶತ. ಹತ್ತು ವರ್ಷದ ಅಪಾಯ ಕಡಿಮೆ ಎಂದು ಲೆಕ್ಕ ಹಾಕಿದವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಇತ್ತು. ಆರು ವರ್ಷ ಬಿಟ್ಟು ಮತ್ತೆ ನೋಡಿದಾಗ ಮೂವರಲ್ಲಿ ಒಬ್ಬರಿಗೆ ಹೊಸದಾಗಿ ಬಂದಿತ್ತು ಇಲ್ಲವೇ ಹೆಚ್ಚಿತ್ತು. ಮೊದಲೇ ಇದ್ದವರಲ್ಲಿ 8 ಪ್ರತಿಶತ ಮಂದಿಗೆ ಹಿಮ್ಮೆಟ್ಟಿತ್ತು. ಈ 8 ಸಣ್ಣ ಅಂಕಿಯೇ, ಆದರೂ ಗೋಡೆ ಬರೀ ಮುಂದಕ್ಕೇ ಹೋಗುವುದಲ್ಲ ಎಂಬುದಕ್ಕೆ ಬದುಕಿರುವ ಮನುಷ್ಯರಲ್ಲಿ ಸಿಕ್ಕ ಸಾಕ್ಷಿ.

ಮೂರನೆಯದು ಕ್ಯಾಲ್ಸಿಯಂ ಸ್ಕೋರ್. ಇಂಜೆಕ್ಷನ್ ಇಲ್ಲ, ಬಣ್ಣ ಇಲ್ಲ, ಉಸಿರು ಹಿಡಿದು ಕೆಲವು ಸೆಕೆಂಡಿನ ಸಿಟಿ ಸ್ಕ್ಯಾನ್. 1990ರಲ್ಲಿ ಅಗಟ್‌ಸ್ಟನ್ ಹೇಳಿಕೊಟ್ಟ ಲೆಕ್ಕದಲ್ಲಿ ಸೊನ್ನೆ ಎಂದರೆ ಗಟ್ಟಿಯಾದ ಪ್ಲಾಕ್ ಕಾಣುತ್ತಿಲ್ಲ, 100 ದಾಟಿದರೆ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಮಾತು ಗಟ್ಟಿಯಾಗಿ ಆಡಬೇಕು. ಇದು ಉಪಯೋಗಕ್ಕೆ ಬರುವುದು ನಲವತ್ತೈದರ ಆಸುಪಾಸಿನಿಂದ ಮೇಲೆ, ಸ್ಟ್ಯಾಟಿನ್ ತೆಗೆದುಕೊಳ್ಳಬೇಕೇ ಬೇಡವೇ ಎಂದು ಡಾಕ್ಟರೂ ರೋಗಿಯೂ ಅನುಮಾನದಲ್ಲಿರುವಾಗ. ಮೂವತ್ತೈದರ ಹೊಗೆಸೊಪ್ಪಿನವನಿಗೆ ಸೊನ್ನೆ ಬಂದರೆ ಅದು ನೆಮ್ಮದಿಯಲ್ಲ. ಆ ವಯಸ್ಸಿನ ಪ್ಲಾಕಿಗೆ ಇನ್ನೂ ಸುಣ್ಣ ಸೇರಿರುವುದಿಲ್ಲ, ಹರಿಯುವುದು ಮಾತ್ರ ಹರಿಯಬಲ್ಲದು. ಸ್ಟ್ಯಾಟಿನ್ ತಿನ್ನುತ್ತಿರುವವರಲ್ಲಿ ಸ್ಕೋರ್ ಏರಿದರೆ ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದಲ್ಲ, ಮೆತ್ತಗಿದ್ದದ್ದು ಗಟ್ಟಿಯಾಗುವುದು ಅದರ ಕೆಲಸದ ಒಂದು ಭಾಗ. ವರ್ಷ ವರ್ಷ ಮಾಡಿಸುವ ಪರೀಕ್ಷೆ ಇದಲ್ಲ. ಎದೆ ಹಿಂಡುತ್ತಿರುವಾಗ ಮಾಡಿಸುವುದಂತೂ ಅಲ್ಲವೇ ಅಲ್ಲ, ಆಗ ನೇರವಾಗಿ ಎಮರ್ಜೆನ್ಸಿಗೆ ಹೋಗಬೇಕು, ಅಲ್ಲಿ ಇಸಿಜಿಯೇ ಮೊದಲ ಕೆಲಸ.

38 ಮಿಲಿಗ್ರಾಂ

ಎಲ್‌ಡಿಎಲ್ 140 ಬಂದವರಿಗೆ “ಬಾರ್ಡರ್” ಎಂದು ಹೇಳಿ ಕಳಿಸುವುದು ವಾಡಿಕೆ. ಒಂದು ದಿನದ 140 ಬಾರ್ಡರೇ. ಗೋಡೆ ಎಣಿಸುವುದು ದಿನವನ್ನಲ್ಲ. 140ನ್ನು ನಲವತ್ತು ವರ್ಷದಿಂದ ಗುಣಿಸಿದರೆ 5,600. 100 ಇರುವವರು ಆ ಮೊತ್ತ ಮುಟ್ಟಲು ಐವತ್ತಾರು ವರ್ಷ ಬೇಕು. ಎಂದರೆ ಒಂದೇ ಹೊರೆ ಹದಿನಾರು ವರ್ಷ ಮೊದಲು ಬಂದು ಕೂತಿತು.

ಇದು ಬರೀ ಲೆಕ್ಕವಲ್ಲ ಎಂದು ತೋರಿಸಿದ್ದು ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಜೊನಾಥನ್ ಕೊಹೆನ್, ಹೆಲೆನ್ ಹಾಬ್ಸ್ ಮತ್ತು ಸಂಗಡಿಗರು, 2006ರಲ್ಲಿ. ಪಿಸಿಎಸ್‌ಕೆ9 ಎಂಬ ವಂಶವಾಹಿ ಕೆಲವರಲ್ಲಿ ಹುಟ್ಟಿನಿಂದ ಕೆಲಸ ಮಾಡುವುದಿಲ್ಲ, ಅದರಿಂದ ಅವರ ಲಿವರ್ ಎಲ್‌ಡಿಎಲ್ ಅನ್ನು ಚೆನ್ನಾಗಿ ಗುಡಿಸುತ್ತದೆ. 3,363 ಕರಿಯ ಅಮೆರಿಕನ್ನರಲ್ಲಿ ಇಂಥ 85 ಮಂದಿ ಸಿಕ್ಕರು. ಅವರ ಎಲ್‌ಡಿಎಲ್ ಸರಾಸರಿ 100, ಉಳಿದವರದು 138, ವ್ಯತ್ಯಾಸ 38. ಹದಿನೈದು ವರ್ಷದಲ್ಲಿ ಉಳಿದವರಲ್ಲಿ 9.7 ಪ್ರತಿಶತ ಮಂದಿಗೆ ಹೃದ್ರೋಗ ಬಂತು. ಆ 85ರಲ್ಲಿ ಒಬ್ಬರಿಗೆ. 88 ಪ್ರತಿಶತ ಇಳಿಕೆ. ಸಂಖ್ಯೆ ಸಣ್ಣದು, ಸರಿ. ಆದರೆ ಪಕ್ಕದಲ್ಲಿ ಸ್ಟ್ಯಾಟಿನ್ ಪ್ರಯೋಗಗಳ ಫಲಿತಾಂಶವಿಟ್ಟು ನೋಡಿ. ನಡುವಯಸ್ಸು ದಾಟಿದವರಲ್ಲಿ ಎಲ್‌ಡಿಎಲ್ ಅನ್ನು 39 ಮಿಲಿಗ್ರಾಂ ಇಳಿಸಿ ಐದು ವರ್ಷ ಕಾದರೆ ಅಪಾಯ ಇಳಿಯುವುದು ಐದನೇ ಒಂದು ಪಾಲು. ಇಳಿಸಿದ್ದು ಹೆಚ್ಚುಕಡಿಮೆ ಅಷ್ಟೇ, ಶುರು ಮಾಡಿದ ವಯಸ್ಸು ಬೇರೆ. ಮಾತ್ರೆಯ ಬಗ್ಗೆ “ಒಮ್ಮೆ ಶುರು ಮಾಡಿದರೆ ಬಿಡಕ್ಕಾಗಲ್ಲ” ಎಂಬ ಹೆದರಿಕೆ ನಮ್ಮಲ್ಲಿ ಬಲವಾಗಿದೆ. ಅದು ಚಟ ಹಿಡಿಸುವ ಮಾತ್ರೆಯಲ್ಲ. ಬಿಟ್ಟರೆ ಕೆಲವು ವಾರಗಳಲ್ಲಿ ಎಲ್‌ಡಿಎಲ್ ಮೊದಲಿದ್ದಲ್ಲಿಗೆ ಹೋಗುತ್ತದೆ, ಗೋಡೆ ಮತ್ತೆ ಎಣಿಸಲು ಶುರು ಮಾಡುತ್ತದೆ, ಅಷ್ಟೇ.

ಸ್ಟೆಂಟ್ ಹಾಕಿಸಿಕೊಂಡವರ ಮನೆ

2004ರಲ್ಲಿ ಪ್ರಕಟವಾದ, 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಅಟ್ಯಾಕ್ ಆದ ಸರಾಸರಿ ವಯಸ್ಸು 53, ಉಳಿದವರಿಗೆ ಸುಮಾರು 59. ಕಾರಣ ಹುಡುಕಿದರೆ ಸಿಕ್ಕಿದ್ದು ಅದೇ ಹಳೆಯ ಪಟ್ಟಿ, ನಮ್ಮಲ್ಲಿ ಬೇಗ ಬರುತ್ತವೆ ಎಂಬುದಷ್ಟೇ ವ್ಯತ್ಯಾಸ. ಹಾಗಾಗಿ ಮನೆಯಲ್ಲಿ ಒಬ್ಬರಿಗೆ ಐವತ್ತೈದರೊಳಗೆ ಸ್ಟೆಂಟ್ ಬಿದ್ದರೆ, ಅಮ್ಮನಿಗೋ ಅಕ್ಕನಿಗೋ ಆದರೆ ಅರವತ್ತೈದರೊಳಗೆ, ಆ ಫೈಲು ಬೀರುವಿನಲ್ಲಿ ಇಡುವ ಮೊದಲು ಉಳಿದವರ ಸರದಿ. ಅಣ್ಣತಮ್ಮಂದಿರು, ಅಕ್ಕತಂಗಿಯರು, ಮಕ್ಕಳು. ಲಿಪಿಡ್ ಪ್ರೊಫೈಲ್, ಅದರಲ್ಲಿ ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು ಉಳಿದದ್ದನ್ನೂ ಬರೆದುಕೊಳ್ಳಬೇಕು, ಟ್ರೈಗ್ಲಿಸರೈಡ್ ಹೆಚ್ಚಿರುವ ನಮ್ಮವರಲ್ಲಿ ಎಲ್‌ಡಿಎಲ್‌ಗಿಂತ ಅದು ನಂಬಿಕೆಯದು. ಮೂರು ತಿಂಗಳ ಶುಗರಿನ ಪರೀಕ್ಷೆ. ಮನೆಯಲ್ಲೇ ಕೂತು, ಐದು ನಿಮಿಷ ಮಾತಿಲ್ಲದೆ ಇದ್ದು, ಬೆಳಿಗ್ಗೆ ಸಂಜೆ ವಾರವಿಡೀ ತೆಗೆದ ಬಿಪಿ, ಸರಾಸರಿ 135/85 ದಾಟಿದರೆ ಡಾಕ್ಟರ ಬಳಿ. ಸೊಂಟದ ಸುತ್ತಳತೆ, ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರಿನ ಗಡಿ. ಮತ್ತು ಜೀವಮಾನದಲ್ಲಿ ಒಮ್ಮೆ, ಎಲ್‌ಡಿಎಲ್‌ನಂಥದೇ ಇನ್ನೊಂದು ಕಣವಾದ ಲಿಪೊಪ್ರೋಟೀನ್ ‘ಎ’. ಇದು ಹುಟ್ಟಿನಿಂದ ಬರುವುದು, ಊಟ ವ್ಯಾಯಾಮದಿಂದ ಹೆಚ್ಚೇನೂ ಬದಲಾಗುವುದಿಲ್ಲ, ಮಾಮೂಲಿ ಹೆಲ್ತ್ ಚೆಕಪ್ಪಿನ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಕೇಳಿ ಬರೆಸಬೇಕು. 50 ಮಿಲಿಗ್ರಾಂ ದಾಟಿದರೆ ಉಳಿದೆಲ್ಲ ಅಂಕಿಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಬೇಕು.

ಮಕ್ಕಳ ರಕ್ತ ಯಾಕೆ ಎಂದು ಅಜ್ಜಿಯಂದಿರು ತಡೆಯುತ್ತಾರೆ, ಅವರ ಸಂಕಟ ಅರ್ಥವಾಗುವಂಥದ್ದು. ಆದರೆ ಸುಮಾರು 300 ಮಂದಿಯಲ್ಲಿ ಒಬ್ಬರಿಗೆ ಎಲ್‌ಡಿಎಲ್ ಹುಟ್ಟಿನಿಂದಲೇ ಎರಡು ಪಟ್ಟು ಇರುವ ಆನುವಂಶಿಕ ತೊಂದರೆ ಇರುತ್ತದೆ, ತಂದೆಗೋ ತಾಯಿಗೋ ಇದ್ದರೆ ಮಗುವಿಗೆ ಬರುವ ಸಂಭವ ಅರ್ಧಕ್ಕರ್ಧ. ಹತ್ತು ವರ್ಷದ ಹುಡುಗಿ ಸಪೂರ ಇರಬಹುದು, ಶಾಲೆಯ ಕಬಡ್ಡಿ ತಂಡದಲ್ಲಿರಬಹುದು, ಎಲ್‌ಡಿಎಲ್ 210 ಇರಬಹುದು. ಹೊರಗಿನ ಗುರುತು ಸಿಗುವುದಾದರೆ ದೊಡ್ಡವರಲ್ಲಿ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜನ್ನು ಹೆಬ್ಬೆರಳು ತೋರುಬೆರಳಲ್ಲಿ ಹಿಡಿದು ಒತ್ತಿ ನೋಡಿದರೆ ಹಗ್ಗದ ಹಾಗೆ ನಯವಾಗಿರುವ ಬದಲು ದಪ್ಪಗೆ ಗಂಟುಗಂಟಾಗಿ ಸಿಗುತ್ತದೆ. ಬೆರಳಿನ ಗೆಣ್ಣುಗಳ ಮೇಲೆ ಗಟ್ಟಿ ಗುಬುಟು. ನಲವತ್ತೈದಕ್ಕೂ ಮೊದಲೇ ಕಣ್ಣಿನ ಕಪ್ಪುಗುಡ್ಡೆಯ ಸುತ್ತ ಬೂದಿಬಣ್ಣದ ಉಂಗುರ. ಆಸ್ಪತ್ರೆಯ ಮಂಚದ ಮೇಲೆ ಮಲಗಿರುವವರ ಹಿಮ್ಮಡಿ ಹೊದಿಕೆಯ ಹೊರಗೇ ಇರುತ್ತದೆ. ಮುಟ್ಟಿ ನೋಡಲು ಅರ್ಧ ನಿಮಿಷ ಸಾಕು, ಗಂಟು ಸಿಕ್ಕರೆ ಮಾರನೆಯ ಬೆಳಿಗ್ಗೆ ಮಕ್ಕಳನ್ನು ಲ್ಯಾಬಿಗೆ ಕರೆದುಕೊಂಡು ಹೋಗಬಹುದು.